ಎರಡು ಕೆಂಪಿನ ನೆಲ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ನೆಲವನ್ನು. ಮನೆಯವರ ಮುಖ ಆಮೇಲೆ. ಇದು ಒಳ್ಳೆಯ ಅಭ್ಯಾಸವಲ್ಲ ಎಂದು ನನ್ನ ಹೆಂಡತಿ ನಯನಾ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾಳೆ. ಅಷ್ಟೇ ವರ್ಷದಿಂದ ನಾನು ಮೈಸೂರಿನ ಒಂದು ಪತ್ರಿಕೆಯಲ್ಲಿ ಪ್ರತಿ ಭಾನುವಾರ ಮನೆ, ಬಾಗಿಲು, ಕಿಟಕಿ, ಚೆಂಬು, ಬಸ್ ಸ್ಟ್ಯಾಂಡಿನ ಬೆಂಚು ಇಂಥವುಗಳ ಬಗ್ಗೆ ಬರೆಯುತ್ತಾ ಬಂದಿದ್ದೇನೆ. ಸಭೆಗಳಲ್ಲಿ ನನ್ನನ್ನು ವಿಮರ್ಶಕ ಎನ್ನುತ್ತಾರೆ. ಅಗ್ರಹಾರದ ನಮ್ಮ ಬೀದಿಯಲ್ಲಿ ಮಾತ್ರ ತಪ್ಪು ಹುಡುಕುವ ಮಾಧವ ಎಂದೇ ಹೆಸರು. ಹೊಸ ಮನೆ ಕಟ್ಟಿದವರು ಗೃಹಪ್ರವೇಶಕ್ಕೆ ನನ್ನನ್ನು ಕರೆಯಲು ಹಿಂದೆ ಮುಂದೆ ನೋಡುತ್ತಾರೆ. ಕರೆದರೂ ಸರಿಯಾಗಿ ಊಟದ ಹೊತ್ತಿಗೆ ಬನ್ನಿ ಎನ್ನುತ್ತಾರೆ, ನನ್ನ ಕಣ್ಣು ಎಲೆಯ ಮೇಲಿರಲಿ ಎಂದು.

ಅವರನ್ನು ದೂರಿ ಪ್ರಯೋಜನವಿಲ್ಲ. ಫಳಫಳ ಹೊಳೆಯುವ ಬಿಳಿ ಟೈಲ್ಸ್ ಕಂಡರೆ ನನಗೆ ಮೈ ಉರಿಯುತ್ತದೆ. ಆಸ್ಪತ್ರೆಗೂ ಬ್ಯಾಂಕಿಗೂ ಮಲಗುವ ಕೋಣೆಗೂ ಒಂದೇ ನೆಲ. ಅದರ ಮೇಲೆ ಬರಿಗಾಲಲ್ಲಿ ನಡೆದರೆ ತಾನು ಯಾರ ಮನೆಯಲ್ಲಿದ್ದೇನೆ ಎಂಬುದು ಕಾಲಿಗೆ ತಿಳಿಯುವುದಿಲ್ಲ. ಮೈಸೂರಿನ ಹಳೆಯ ಕೆಂಪು ಸಿಮೆಂಟ್ ನೆಲ ಹಾಗಲ್ಲ. ಬೇಸಗೆಯ ಮಧ್ಯಾಹ್ನ ಊಟ ಮುಗಿಸಿ, ಚಾಪೆಯೂ ಇಲ್ಲದೆ ಅದರ ಮೇಲೆ ಮೈ ಚಾಚಿದವರಿಗೆ ಅದು ಗೊತ್ತು. ಮೊದಲು ಬೆನ್ನಿಗೆ ತಣ್ಣಗೆ ಹತ್ತುತ್ತದೆ. ಆಮೇಲೆ ಬೆನ್ನಿನ ಬಿಸಿಯೇ ನಿಧಾನವಾಗಿ ನೆಲಕ್ಕೆ ಇಳಿದು, ಎಲ್ಲಿ ಮೈ ಮುಗಿಯಿತು ಎಲ್ಲಿ ನೆಲ ಶುರುವಾಯಿತು ಎಂಬುದು ಮರೆತುಹೋಗುತ್ತದೆ. ನನ್ನ ಅರ್ಧ ಅಂಕಣಗಳು ಹುಟ್ಟಿದ್ದು ಅಂಥ ನಿದ್ದೆಗಳಲ್ಲಿ.

ಅಂಥದೊಂದು ನೆಲವನ್ನು ಮಾಡಿದ ಮಂಚಮ್ಮನವರ ಬಗ್ಗೆ ಬರೆಯಲು ಕೂತಿದ್ದೇನೆ. ಈ ಮೊದಲೂ ಎರಡು ಸಲ ಆ ನೆಲದ ಬಗ್ಗೆ ಬರೆದಿದ್ದೆ. ಎರಡು ಸಲವೂ ಸರಿಯಾಗಿ ಬರೆಯಲಿಲ್ಲ.

ಒಂಟಿಕೊಪ್ಪಲಿನ ಒಂದು ಅಡ್ಡರಸ್ತೆಯಲ್ಲಿ ಸದಾಶಿವಯ್ಯನವರ ಮನೆ ಇದೆ. ಅವರ ತಂದೆಗೆ ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಸಗಟು ವ್ಯಾಪಾರವಿತ್ತು. ಮಠದ ದಾಸೋಹಕ್ಕೆ ಬೆಲ್ಲ ಹೋಗುತ್ತಿದ್ದದ್ದು ಅವರ ಅಂಗಡಿಯಿಂದಲೇ. ಎಪ್ಪತ್ತನಾಲ್ಕರಲ್ಲಿ ಕಟ್ಟಿಸಿದ ಮನೆ ಅದು. ಮೂರು ವರ್ಷದ ಹಿಂದೆ, ಒಂದು ಏಪ್ರಿಲ್ ಮಧ್ಯಾಹ್ನ, ಕಿಟಕಿಯ ಕಬ್ಬಿಣದ ಸರಳುಗಳನ್ನು ನೋಡಲೆಂದು ಹೋದವನು ಹಾಲ್‌ನಲ್ಲಿ ಕಾಲಿಟ್ಟು ಹಾಗೇ ನಿಂತುಬಿಟ್ಟೆ. ಇಷ್ಟು ನುಣುಪಾದ ಕೆಂಪು ನೆಲವನ್ನು ನಾನು ಕಂಡಿರಲಿಲ್ಲ. ಅದರಲ್ಲೊಂದು ವಿಚಿತ್ರವೂ ಇತ್ತು. ಒಳಗೋಡೆಯಿಂದ ಸುಮಾರು ಮುಕ್ಕಾಲು ದೂರದವರೆಗೆ ನೆಲದ ಕೆಂಪು ಗಾಢವಾಗಿತ್ತು. ಅಲ್ಲೊಂದು ತೆಳು ಗೆರೆ ಅಡ್ಡ ಹಾಯುತ್ತಿತ್ತು. ಗೆರೆಯಿಂದ ಈಚೆಗೆ, ತಲೆಬಾಗಿಲವರೆಗೆ, ಕೆಂಪು ಒಂದು ಛಾಯೆ ತಿಳಿ.

ಮನೆಯವರು ಊಟ ಮಾಡಿಸಿದರು. ಸದಾಶಿವಯ್ಯನವರು ಒಳಗೆ ಅಡ್ಡಾದರು. ನಾನೂ ಸಂಕೋಚ ಬಿಟ್ಟು ಆ ನೆಲದ ಮೇಲೆ ಮಲಗಿದೆ. ಎಚ್ಚರವಾದಾಗ ಕಿಟಕಿಯ ಬಿಸಿಲು ತೆವಳಿಕೊಂಡು ಬಂದು ಸರಿಯಾಗಿ ಆ ಗೆರೆಯ ಮೇಲೆ ನಿಂತಿತ್ತು. ಬೀದಿಯಲ್ಲಿ ಹೂವಿನವಳು ಕೂಗಿದ್ದು ಎಲ್ಲೋ ದೂರದ ಊರಿನಿಂದ ಕೇಳಿದಂತಿತ್ತು. ಆ ಅರೆಎಚ್ಚರದಲ್ಲಿ ನನಗೆ ಎಲ್ಲ ಹೊಳೆದುಬಿಟ್ಟಿತು. ತಿಳಿ ಕೆಂಪು ಬಂದವರಿಗೆ, ಗಾಢ ಕೆಂಪು ಮನೆಯವರಿಗೆ. ಹೊರಗಿನವರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಒಂದು ಮಾತೂ ಆಡದೆ, ಒಂದು ಗೋಡೆಯೂ ಕಟ್ಟದೆ ಹೇಳುವ ನೆಲ. ಯಾರೋ ಒಬ್ಬ ಮಹಾ ಜಾಣ ಬೇಕೆಂದೇ ಹೀಗೆ ಮಾಡಿದ್ದಾನೆ. ಅರೆನಿದ್ದೆಯಲ್ಲಿ ಹೊಳೆದದ್ದನ್ನೆಲ್ಲ ನಿಜವೆಂದು ನಂಬುವುದು ನನ್ನ ಹಳೆಯ ಕಾಯಿಲೆ.

ಆ ಭಾನುವಾರದ ಅಂಕಣಕ್ಕೆ 'ಗೋಡೆಯಿಲ್ಲದ ಗೋಡೆ' ಎಂದು ಹೆಸರಿಟ್ಟೆ. ನಾನು ಬರೆದದ್ದರಲ್ಲೆಲ್ಲ ಹೆಚ್ಚು ಜನ ಓದಿದ್ದು ಅದನ್ನೇ. ಕಾಲೇಜಿನ ಹುಡುಗ ಹುಡುಗಿಯರು ಸದಾಶಿವಯ್ಯನವರ ಹಾಲ್‌ನಲ್ಲಿ ಮಂಡಿಯೂರಿ ಫೋಟೋ ತೆಗೆದರು. ವಿಜಯನಗರದ ಕಡೆ ಹೊಸ ಮನೆ ಕಟ್ಟಿಸುತ್ತಿದ್ದವರೊಬ್ಬರು ಬೇಕೆಂದೇ ಎರಡು ಕೆಂಪಿನ ನೆಲ ಹಾಕಿಸಿದರು. ಸದಾಶಿವಯ್ಯನವರ ಮಗ ಮಹೇಶ್ ತನ್ನ ಮದುವೆಗೆ ಮುಂಚೆ ಈ ಹಳೇ ನೆಲದ ಮೇಲೆ ಟೈಲ್ಸ್ ಹಾಕಿಸಬೇಕೆಂದು ಸ್ಯಾಂಪಲ್ ತಂದು ಜಗಲಿಯಲ್ಲಿ ಜೋಡಿಸಿದ್ದನಂತೆ. ಅಂಕಣ ಬಂದ ಮೇಲೆ ಅವು ಅಟ್ಟ ಸೇರಿದವು. ನಾನೊಬ್ಬನೇ ಒಂದು ನೆಲವನ್ನು ಉಳಿಸಿದೆ ಎಂದು ಮನಸ್ಸಿನಲ್ಲೇ ಬೀಗಿದೆ. ಅಂಕಣಗಳ ಪುಸ್ತಕ ಬರುವುದೆಂದು ಗೊತ್ತಾದಾಗ ಮುಖಪುಟಕ್ಕೆ ಆ ಗೆರೆಯ ಚಿತ್ರವನ್ನೇ ಆರಿಸಿದೆ.

ಹೋದ ವರ್ಷ ಆಷಾಢದ ಒಂದು ಭಾನುವಾರ ಬೆಳಗ್ಗೆ ಅಗ್ರಹಾರದ ನಮ್ಮ ಮನೆಗೆ ಒಬ್ಬಳು ಹೆಣ್ಣುಮಗಳು ಬಂದಳು. ಹೆಸರು ಸಂಘಮಿತ್ರ, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ, ಮನೆ ಅಶೋಕಪುರಂ. ನನ್ನ ಹಳೇ ಅಂಕಣವನ್ನು ಯಾರೋ ಈಚೆಗೆ ಫೋನಿನಲ್ಲಿ ಕಳಿಸಿದ್ದರಂತೆ. ಫೋಟೋ ನೋಡಿ ಅವಳ ಅಜ್ಜಿ, ಇದು ನಾನು ಹಾಕಿದ ನೆಲ ಎಂದರಂತೆ. ಇವಳು ಹಿಗ್ಗಿ ಇಡೀ ಅಂಕಣವನ್ನು ಓದಿ ಹೇಳಿದಳು. ಅಂದಿನಿಂದ ಅಜ್ಜಿ ಸರಿಯಾಗಿ ಊಟ ಮಾಡುತ್ತಿಲ್ಲ ಎಂದಳು.

ನಾನು ಸಂತೋಷಕ್ಕಿರಬೇಕು ಎಂದುಕೊಂಡೆ. ಕಾಫಿ ತರಿಸಿ, ಅಜ್ಜಿಯನ್ನು ಭೇಟಿಯಾಗಬೇಕಲ್ಲ ಎಂದೆ. ಅವಳು ಲೋಟ ಮುಟ್ಟದೆ ಹೇಳಿದಳು:

"ಸರ್, ಅದು ಬೇಕು ಅಂತ ಮಾಡಿದ್ದಲ್ಲ. ತಪ್ಪಾಗಿದ್ದು. ನೀವು ಬೇಕು ಅಂತ ಮಾಡಿದ್ದು ಅಂತ ಬರೆದಿದ್ದೀರ. ಅದನ್ನ ತಿದ್ದಿ ಬರೀಬೇಕಂತೆ. ಅಷ್ಟು ಹೇಳ್ಬಾ ಅಂತ ಅಜ್ಜಿ ಕಳಿಸಿದ್ರು."

ಮರುದಿನವೇ ಹೋದೆ. ಮಂಚಮ್ಮನವರಿಗೆ ಎಪ್ಪತ್ತು ದಾಟಿದೆ. ಸಣ್ಣ ಮೈ, ದೊಡ್ಡ ಅಂಗೈಗಳು. ಮಂಡಿ ಎರಡೂ ಸೋತಿರುವುದರಿಂದ ಕುರ್ಚಿಯ ಮೇಲೆ ಕಾಲು ನೀಡಿ ಕೂತಿದ್ದರು. ಹಿಂದಿನ ಗೋಡೆಯ ಮೇಲೆ ಬುದ್ಧನ ಚಿತ್ರ. ಅಭ್ಯಾಸಬಲದಿಂದ ನಾನು ಮೊದಲು ನೆಲ ನೋಡಿದೆ. ಬಿಳಿ ಟೈಲ್ಸ್, ಫಳಫಳ ಹೊಳೆಯುವಂಥವು. ನನ್ನ ಮುಖ ಏನಾಯಿತೋ, ಅವರು ಗಮನಿಸಿದರು. ಮಗ ಹಾಕಿಸಿದ್ದು, ಒರೆಸಲು ಸಲೀಸು ಎಂದರು. ಜೀವಮಾನವೆಲ್ಲ ಕೆಂಪು ನೆಲ ತಿಕ್ಕಿದವರು ಹಾಗೆಂದ ಮೇಲೆ ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಆ ಮಧ್ಯಾಹ್ನ ಅವರು ತಮ್ಮ ಕಥೆಯನ್ನು ನಿಧಾನವಾಗಿ ಹೇಳಿದರು. ಹುಟ್ಟಿದ್ದು ನಂಜನಗೂಡಿನ ಆಚೆ, ಕಪಿಲಾ ಹೊಳೆಯ ದಂಡೆಯ ಹಳ್ಳಿಯಲ್ಲಿ. ಹದಿನೇಳಕ್ಕೆ ಮದುವೆಯಾಗಿ ಮೈಸೂರಿಗೆ ಬಂದರು. ಗಂಡ ಚಿಕ್ಕಬಸವಯ್ಯ ಗಾರೆ ಕೆಲಸದವರು. ಇವರು ಮರಳು ಹೊರಲು ಹೋಗುತ್ತಿದ್ದರು. ಒಂದು ದಿನ ಕೆಲಸದ ಜಾಗದಲ್ಲಿ ಗುಡಿಸಲಿನ ನೆಲಕ್ಕೆ ಇವರು ಸಗಣಿ ಸಾರಿಸುತ್ತಿದ್ದುದನ್ನು ಕಾಳಯ್ಯ ಮೇಸ್ತ್ರಿ ನೋಡಿದ. ಬೆರಳಿನ ಗುರುತು ಒಂದೂ ಇಲ್ಲದೆ, ಗೋಡೆಯಿಂದ ಗೋಡೆಗೆ ಒಂದೇ ಸಮ. ಮರುದಿನ ಅವನು ಮರಳಿನ ಬಾಂಡ್ಲಿ ಕಿತ್ತುಕೊಂಡು ಗಾರೆ ಸವರುವ ಕರಣೆ ಕೈಗಿಟ್ಟ. ನೆಲದ ಗಾರೆಯನ್ನು ಗಂಡ ಎಳೆದು ಮಟ್ಟ ಮಾಡಿದ ಮೇಲೆ, ಅದು ಹಸಿಯಿರುವಾಗಲೇ ಮೇಲಿನ ಕೆಂಪು ಬಣ್ಣ ಬಿಡುವುದು ಇವರ ಕೆಲಸ. ಗಂಡನ ಕೈ ಬಿರುಸು, ಬಣ್ಣಕ್ಕೆ ಆಗುತ್ತಿರಲಿಲ್ಲ.

ನಾನು ಈ ನೆಲಗಳ ಬಗ್ಗೆ ಮೂವತ್ತು ಪುಟ ಬರೆದವನು. ಬಣ್ಣದ ಪುಡಿ ಯಾವ ದೇಶದಿಂದ ಬಂತು, ಯಾವ ಕಾಲದಲ್ಲಿ ಬಂತು ಎಂದೆಲ್ಲ ಬರೆದಿದ್ದೆ. ಅದನ್ನು ಹರಡಿದ ಕೈ ಸಗಣಿ ಸಾರಿಸಿ ಪಳಗಿದ ಕೈ ಎಂಬುದು ನನಗೆ ಅಂದಿನವರೆಗೆ ಹೊಳೆದಿರಲೇ ಇಲ್ಲ. ನಾಚಿಕೆಯಾಯಿತು.

ಕೆಲಸದ ಕಟ್ಟಲೆಗಳನ್ನು ಹೇಳುವಾಗ ಅವರ ದನಿ ಗಟ್ಟಿಯಾಗುತ್ತಿತ್ತು. ಕೆಂಪು ಪುಡಿಯನ್ನೂ ಸಿಮೆಂಟನ್ನೂ ಹಳೇ ಪಂಚೆಯಲ್ಲಿ ಸೋಸಬೇಕು. ಒಂದು ಕೋಣೆಗೆ ಬೇಕಾದ ಬಣ್ಣವನ್ನು ಒಂದೇ ಸಲ ಕಲಸಬೇಕು, ಎರಡನೇ ಸಲ ಕಲಸಿದರೆ ಅದೇ ಕೆಂಪು ಬರುವುದಿಲ್ಲ. ಒಳಗೋಡೆಯಿಂದ ಶುರುಮಾಡಿ ಹಲಗೆಯ ಮೇಲೆ ಮಂಡಿಯೂರಿ ಹಿಂದೆ ಹಿಂದೆ ಸರಿಯುತ್ತಾ ಬಾಗಿಲಿಗೆ ಬರಬೇಕು. ನಡುವೆ ಏಳುವಂತಿಲ್ಲ, ಉಣ್ಣುವಂತಿಲ್ಲ. ಎದ್ದರೆ ಅಂಚು ಒಣಗಿ ಗೆರೆ ಬೀಳುತ್ತದೆ. ಬಾಗಿಲು ಬಂದ ಮೇಲೆ ಹೊರಗೆ ಇಳಿದು, ಕೊನೆಯ ಒಂದು ಮೊಳವನ್ನು ಮೆಟ್ಟಿಲ ಮೇಲಿಂದ ಕೈ ಚಾಚಿ ಮುಗಿಸಬೇಕು. ಆಮೇಲೆ ನೀರು ಕಟ್ಟಿ ನಿಲ್ಲಿಸುತ್ತಾರೆ. ನೀರು ಇಳಿಸಿ, ಹೊಳೆಯ ನುಣ್ಣನೆ ಕಲ್ಲಿನಿಂದ ಇನ್ನೊಂದು ಸಲ ಅದೇ ದಾರಿಯಲ್ಲಿ ತಿಕ್ಕಿಕೊಂಡು ಹಿಂದಕ್ಕೆ ಬಂದರೆ ಕೆಲಸ ಮುಗಿಯಿತು. ಗೃಹಪ್ರವೇಶದ ದಿನ ಕೆಲಸದವರಿಗೆ ಅಂಗಳದಲ್ಲಿ ಊಟ. ಮೂವತ್ತೆಂಟು ವರ್ಷ ನೆಲ ಹಾಕಿದ ಮಂಚಮ್ಮ ತಾವು ಹಾಕಿದ ಒಂದು ನೆಲದ ಮೇಲೂ ಅದು ಆರಿದ ಮೇಲೆ ನಡೆದಿಲ್ಲ.

ಅವರಿಗೊಂದು ಕನಸು ಬೀಳುತ್ತದಂತೆ, ವಯಸ್ಸಿನಲ್ಲಿದ್ದಾಗಿನಿಂದಲೂ ಅದೇ ಕನಸು. ಒಂದು ದೊಡ್ಡ ಹಾಲ್‌ನಲ್ಲಿ ಹಿಂದೆ ಹಿಂದೆ ಸರಿಯುತ್ತಿರುತ್ತಾರೆ. ಎದುರಿಗೆ ನೆಲ ಹೊಳೆಯುತ್ತಾ ಹೋಗುತ್ತದೆ, ಸಂಜೆ ಹೊತ್ತಿನ ಕಪಿಲೆಯ ಹಾಗೆ. ಬಾಗಿಲು ಮಾತ್ರ ಬರುವುದಿಲ್ಲ. ಕೈ ನೋಯುವುದಿಲ್ಲ, ಹಸಿವಾಗುವುದಿಲ್ಲ. ಹಾಗೇ ಸರಿಯುತ್ತಿರುವಾಗ ಬೆಳಗಾಗುತ್ತದೆ. ಭಯವಾಗುತ್ತದೆಯೇ ಎಂದು ಕೇಳಿದೆ. ಇಲ್ಲ, ಅಷ್ಟು ಚೆನ್ನಾಗಿರೋ ಕೆಲಸ ಎಚ್ಚರದಲ್ಲಿ ಯಾವತ್ತೂ ಆಗಲಿಲ್ಲ ಎಂದರು.

ಆಮೇಲೆ ಒಂಟಿಕೊಪ್ಪಲಿನ ಮಾತು ಬಂತು. ಆ ಗೆರೆ ಬಿದ್ದದ್ದು ಹೇಗೆಂದು ಕೇಳಿದರೆ, ನಡುವೆ ಎದ್ದುಬಿಟ್ಟೆ ಎಂದಷ್ಟೇ ಹೇಳಿದರು. ಯಾಕೆ ಎದ್ದಿರಿ ಎಂದರೆ ಮಾತನ್ನು ಮೇಸ್ತ್ರಿಯ ಕಡೆ ತಿರುಗಿಸಿದರು. ಸಂಜೆ ಬಂದ ಮೇಸ್ತ್ರಿ ಕಾಳಯ್ಯ ಗೆರೆ ನೋಡಿ ಎಲ್ಲರ ಮುಂದೆ ಬೈದ. ಒಂದು ಹಾಲ್‌ಗೆ ಎರಡು ಕೆಂಪು ಮಾಡಿದವಳು ಎಂದು ಮೈಸೂರಿನ ಗಾರೆಯವರಲ್ಲೆಲ್ಲ ಸುದ್ದಿಯಾಯಿತು. ಮಳೆಗಾಲ ಮುಗಿಯುವವರೆಗೂ ಇವರನ್ನು ಯಾರೂ ಬಣ್ಣಕ್ಕೆ ಕರೆಯಲಿಲ್ಲ. ಮತ್ತೆ ಮರಳು ಹೊತ್ತರು. ಮುಂದೆ ಇನ್ನೂರು ನೆಲ ಹಾಕಿದರೂ, ಆ ಹೆಸರು ಹೋಗಲು ಬಹಳ ವರ್ಷ ಬೇಕಾಯಿತು.

ಹಾಗಾದರೆ ಒಳ್ಳೆಯದೇ ಆಯಿತಲ್ಲ, ಈಗ ಅದೇ ಗೆರೆಯನ್ನು ಜನ ಹೊಗಳುತ್ತಿದ್ದಾರಲ್ಲ ಎಂದೆ. ನನ್ನ ಜಾಣತನಕ್ಕೆ ಅವರು ನೀಡಿದ್ದ ಕಾಲನ್ನು ಕೆಳಗಿಳಿಸಿ ನೆಟ್ಟಗೆ ಕೂತರು.

"ತಪ್ಪಾಯ್ತು ಅಂದ್ರೆ ತಪ್ಪಾಯ್ತು ಸಾರ್, ಒಪ್ಕೊಂಡಿವ್ನಿ. ಬೇಕಂತ ಮಾಡ್ದೋಳು ಅಂದ್ರೆ ಏನರ್ಥ? ಕೆಲ್ಸ ಗೊತ್ತಿಲ್ದೋಳು ಅಂತ ತಾನೆ? ಕೆಲ್ಸ ಬಲ್ಲೋರು ಯಾರೂ ಅಂಗೆ ಮಾಡಕಿಲ್ಲ ಕಣ್ರೀ. ನಾ ಕೆಲ್ಸ ಬಲ್ಲೆ."

ತಿದ್ದಿ ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದೆ. ಬರೆಯಲಿಲ್ಲ. ಒಂದು ವಾರ, ಎರಡು ವಾರ, ಹೀಗೆ ಎರಡು ತಿಂಗಳು. ಕಾರಣಗಳನ್ನು ನಾನೇ ನನಗೆ ಒದಗಿಸಿಕೊಂಡೆ. ತಪ್ಪು ಕೆಲಸವೆಂದು ಗೊತ್ತಾದರೆ ಮಹೇಶನ ಟೈಲ್ಸ್ ಅಟ್ಟದಿಂದ ಇಳಿಯುತ್ತವೆ. ಮಂಚಮ್ಮನವರ ನೆಲವನ್ನು ಉಳಿಸಬೇಕಾದರೆ ಸುಳ್ಳು ಹಾಗೇ ಇರಬೇಕು. ಇದು ಕೇಳಲು ಚೆನ್ನಾಗಿತ್ತು. ನಿಜ ಇಷ್ಟೇ: ಪುಸ್ತಕ ಅಚ್ಚಿಗೆ ಹೋಗುವುದಿತ್ತು, ಮುಖಪುಟದ ಮೇಲೆ ಆ ಗೆರೆಯಿತ್ತು. ಊರಿನವರ ತಪ್ಪನ್ನೆಲ್ಲ ಹುಡುಕಿದವನಿಗೆ ತನ್ನದೊಂದನ್ನು ಒಪ್ಪಿಕೊಳ್ಳುವ ಧೈರ್ಯವಿರಲಿಲ್ಲ.

ಆದರೆ ಮಧ್ಯಾಹ್ನದ ನಿದ್ದೆ ಕೆಟ್ಟಿತು. ನಮ್ಮ ಮನೆಯ ನೆಲದ ಮೇಲೆ ಮಲಗಿ ಕಣ್ಣು ಮುಚ್ಚಿದರೆ ಮಂಚಮ್ಮನವರ ಕನಸು ನನಗೆ ಬೀಳತೊಡಗಿತು. ನಾನು ಹಿಂದೆ ಹಿಂದೆ ಸರಿಯುತ್ತಿರುತ್ತೇನೆ, ಎದುರಿಗೆ ಕೆಂಪು ನೆಲ ಹೊಳೆಯುತ್ತಿರುತ್ತದೆ. ನನ್ನ ಕೈಯಲ್ಲಿ ಕರಣೆಯ ಬದಲು ಪೆನ್ನಿರುತ್ತದೆ, ಅದು ಎಲ್ಲಿ ತಾಗಿದರೂ ಗೆರೆ ಬೀಳುತ್ತದೆ. ಬೀಳಬೇಡ ಬೀಳಬೇಡ ಎಂದುಕೊಂಡಷ್ಟೂ ಇನ್ನೊಂದು ಗೆರೆ. ಎದ್ದು ನೋಡಿದರೆ ಗಂಟೆ ಮೂರು, ಮೇಲೆ ಫ್ಯಾನು ತಿರುಗುತ್ತಿದೆ. ನಯನಾ ಒಂದು ದಿನ ಕೇಳಿದಳು, ಆ ಅಜ್ಜಿ ಇನ್ನೂ ಕಾಯ್ತಾ ಇದ್ದಾರಾ ಎಂದು. ಅವತ್ತೇ ಸಂಘಮಿತ್ರಳಿಗೆ ಫೋನ್ ಮಾಡಿದೆ. ಅಜ್ಜಿಯನ್ನು ಒಂಟಿಕೊಪ್ಪಲಿಗೆ ಕರೆದುಕೊಂಡು ಬರಲು ಸಾಧ್ಯವೇ, ಆ ನೆಲದ ಎದುರಿಗೇ ಮಾತಾಡೋಣ ಎಂದೆ. ಸದಾಶಿವಯ್ಯನವರಿಗೆ, ನಿಮ್ಮ ನೆಲ ಹಾಕಿದವರು ನೋಡಲು ಬರುತ್ತಾರೆ ಎಂದು ಮಾತ್ರ ತಿಳಿಸಿದೆ.

ಮುಂದಿನ ಭಾನುವಾರ ಮೂರು ಗಂಟೆಗೆ ಬಂದರು. ಕರೆತಂದವರು ಮಗ ಪ್ರೇಮ್‌ಕುಮಾರ್. ಐವತ್ತರ ಆಳು, ಮಂಡಿ ಮೊಹಲ್ಲಾದಲ್ಲಿ ಲಗೇಜ್ ಆಟೋ ಓಡಿಸುತ್ತಾರೆ. ತಾಯಿಯನ್ನೂ ಮಗಳು ಸಂಘಮಿತ್ರಳನ್ನೂ ಇಳಿಸಿ, ತಾವು ಗೇಟಿನ ಹೊರಗೇ ಆಟೋಗೆ ಒರಗಿ ನಿಂತರು. ಒಳಗೆ ಬನ್ನಿ ಎಂದು ಸದಾಶಿವಯ್ಯನವರು ಎರಡು ಸಲ ಕರೆದರೂ, ಪರವಾಗಿಲ್ಲ ಸಾರ್, ಇಲ್ಲೇ ಇರ್ತೀನಿ ಎಂದರು.

ಮಂಚಮ್ಮ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಹೊಸ್ತಿಲ ಮುಂದೆ ನಿಂತರು. ಐವತ್ತು ವರ್ಷದ ಹಿಂದೆ ಅಲ್ಲಿಂದಲೇ ಕೈ ಚಾಚಿ ಕೊನೆಯ ಮೊಳ ಮುಗಿಸಿದ್ದು. ಸಂಘಮಿತ್ರ ಕೈ ಹಿಡಿದಳು. ಅವರು ಕೈ ಬಿಡಿಸಿಕೊಂಡು ತಾವೇ ಒಂದು ಹೆಜ್ಜೆ ಒಳಗಿಟ್ಟರು. ಇನ್ನೊಂದು ಹೆಜ್ಜೆ. ಬರಿಯ ಪಾದ ಆ ನೆಲಕ್ಕೆ ಹತ್ತಿ ಹತ್ತಿ ಬಿಡುವ ಸಣ್ಣ ಸದ್ದು ಕೇಳುತ್ತಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದಿತ್ತು, ನೆಲದ ಕೆಂಪು ಅವರ ಸೀರೆಯ ಅಂಚಿಗೂ ಮುಖಕ್ಕೂ ಹತ್ತಿತ್ತು. ಅವರು ನಿದ್ದೆಯಲ್ಲಿ ನಡೆಯುವವರ ಹಾಗೆ ಗೆರೆಯವರೆಗೆ ನಡೆದು, ಸೋತ ಮಂಡಿಯನ್ನು ಕಷ್ಟಪಟ್ಟು ಮಡಿಚಿ ಕೂತು, ಅಂಗೈಯನ್ನು ಗೆರೆಯ ಮೇಲಿಟ್ಟರು.

ಸದಾಶಿವಯ್ಯನವರು ತಾವಾಗಿಯೇ ಹೇಳಿದರು. ಅವರ ತಾಯಿ ಬಸಮ್ಮ ಬದುಕಿರುವವರೆಗೂ ದಿನಾ ಬೆಳಗ್ಗೆ ಸರಿಯಾಗಿ ಆ ಗೆರೆಯ ಮೇಲೆಯೇ ಈಳಿಗೆ ಮಣೆ ಇಟ್ಟುಕೊಂಡು ತರಕಾರಿ ಹೆಚ್ಚುತ್ತಿದ್ದರಂತೆ. ಈ ನೆಲ ಅಗೆಸಿ ಬೇರೆ ಹಾಕಿಸೋಣ ಎಂದು ತಂದೆ ಎಷ್ಟು ಸಲ ಹೇಳಿದರೂ, ಇರಲಿ ಬಿಡಿ, ಗುರುತಿಗಿರಲಿ ಎನ್ನುತ್ತಿದ್ದರಂತೆ. ಯಾವುದರ ಗುರುತು ಎಂದು ಕೇಳಿದರೆ ಮಾತು ತೇಲಿಸುತ್ತಿದ್ದರು.

ಮಂಚಮ್ಮ ತಲೆಯೆತ್ತಿದರು. "ಆಯಮ್ಮ ಯಾರಿಗೂ ಏಳ್ಳಿಲ್ವಾ?" ಎಂದು ಕೇಳಿದರು. ಇಲ್ಲ ಎಂದರು ಸದಾಶಿವಯ್ಯ.

"ನಾನೂ ಏಳ್ಳಿಲ್ಲ," ಎಂದು ಮಂಚಮ್ಮ ಹೊರಗೆ ಗೇಟಿನ ಕಡೆ ನೋಡಿದರು. "ಅಗೋ ಅಲ್ಲಿ ಸೀಬೆ ಮರ ಇತ್ತು. ಸೀರೆಲಿ ತೊಟ್ಲು ಕಟ್ಟಿ ಮಗೀನ ಮಲಗ್ಸಿದ್ದೆ. ಮೂರು ತಿಂಗಳ ಕೂಸು. ಅಳಕ್ಕೆ ಸುರು ಮಾಡ್ತು. ಬಣ್ಣ ಬುಟ್ಟು ಏಳಂಗಿಲ್ಲ. ಅತ್ತೂ ಅತ್ತೂ ದನಿ ಬಿದ್ದೋಯ್ತು. ನನ್ನ ಕುಪ್ಪಸ ಎಲ್ಲ ಒದ್ದೆ. ಕೆಲ್ಸ ನೋಡಕ್ಕೆ ಬಂದಿದ್ದ ಆಯಮ್ಮ ಈ ಬಾಗ್ಲಲ್ಲಿ ನಿಂತ್ಕೊಂಡು, ಏಳು, ನೆಲ ಎಲ್ಲೂ ಓಗಲ್ಲ, ಮಗೀಗೆ ಹಾಲು ಕೊಡು ಅಂದ್ರು. ನಾ ಎದ್ದೇಳ್ಳಿಲ್ಲ. ಒಳಕ್ಕೆ ಬಂದು ನನ್ನ ಕೈಲಿದ್ದ ಕರಣೆ ಕಿತ್ಕೊಂಡ್ಬುಟ್ರು."

ಅವರೇ ಮುಂದುವರಿಸಿದರು. ಬಸಮ್ಮನವರು ಎಲ್ಲರಂತೆಯೇ, ಕೆಲಸದವರಿಗೆ ನೀರನ್ನು ಎತ್ತರದಿಂದ ಬೊಗಸೆಗೆ ಹೊಯ್ಯುತ್ತಿದ್ದವರು. ಅದನ್ನು ಮರೆತಿಲ್ಲ ಎಂದರು. ಆದರೆ ಅವತ್ತು ಅವರ ಕೈ ಇವರ ಕೈಗೆ ತಾಗಿತು. ಕೂಸು ಹಾಲು ಕುಡಿದು ಮಲಗುವಷ್ಟರಲ್ಲಿ ಅಂಚು ಒಣಗಿತ್ತು, ಕಲಸಿಟ್ಟ ಬಣ್ಣ ಗಟ್ಟಿಯಾಗಿತ್ತು. ಎರಡನೇ ಸಲ ಕಲಸಿದರು. ಸಂಜೆ ಮೇಸ್ತ್ರಿ ಬೈಯುವಾಗ ಬಸಮ್ಮನವರು ಗಂಡಸರ ನಡುವೆ ಮಾತಾಡಲಿಲ್ಲ, ಒಳಗಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೂಸಿನ ಮೇಲೆ ತಪ್ಪು ಹೊರಿಸುವುದೇಕೆ ಎಂದು ಇವರೂ ಬಾಯಿ ಬಿಡಲಿಲ್ಲ.

ನಾನು ಆ ಗೆರೆಯನ್ನು ನೋಡುತ್ತಾ ನಿಂತೆ. ಹೊರಗಿನವರು ಇಲ್ಲಿಗೇ ನಿಲ್ಲಬೇಕು ಎಂದು ಹೇಳುವ ಗೆರೆ ಎಂದು ನಾನು ಎರಡು ವರ್ಷ ಊರಿಗೆಲ್ಲ ಸಾರಿದ್ದು ಇದನ್ನು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಗೇಟಿನಿಂದ ಯಾವಾಗಲೋ ಬಂದು ಪ್ರೇಮ್‌ಕುಮಾರ್ ಹೊಸ್ತಿಲ ಹೊರಗೆ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಆಟೋದ ಕೀ ಅವರ ಕೈಯಲ್ಲೇ ಇತ್ತು.

"ನನ್ನಿಂದ ನಿನ್ ಕೆಲ್ಸ ಹೋಯ್ತಾ ಅವ್ವ?" ಎಂದರು.

"ನೀನೇನ್ ಮಾಡೀಯ ಮಗ. ಹಸಿದಿದ್ದೆ, ಅತ್ತೆ."

ಪ್ರೇಮ್‌ಕುಮಾರ್ ಚಪ್ಪಲಿ ಬಿಟ್ಟು ಒಳಗೆ ಬಂದು ತಾಯಿಯ ಪಕ್ಕ ಕೂತರು. ಸದಾಶಿವಯ್ಯನವರು ತಮ್ಮ ತಾಯಿ ಕೂರುತ್ತಿದ್ದ ಜಾಗದಲ್ಲಿ, ಆ ಗೆರೆಯ ಮೇಲೆ ಹೋಗಿ ಕೂತರು. ಅವರ ಕಣ್ಣು ತುಂಬಿತ್ತು. ಒಳಗಿನಿಂದ ಮಹೇಶನ ಹೆಂಡತಿ ಧನುಶ್ರೀ ಕಾಫಿ ತಂದು ಎಲ್ಲರ ನಡುವೆ ನೆಲದ ಮೇಲೆ ತಟ್ಟೆ ಇಟ್ಟಳು. ಎಲ್ಲರೂ ಅಲ್ಲೇ, ಎರಡು ಕೆಂಪಿನ ಮೇಲೂ ಅಡ್ಡಾದಿಡ್ಡಿ ಕೂತು ಕುಡಿದೆವು. ಟೈಲ್ಸ್ ಮಾತನ್ನು ಆ ಮನೆಯಲ್ಲಿ ಆಮೇಲೆ ಯಾರೂ ಎತ್ತಿಲ್ಲ ಎಂದು ಕೇಳಿದ್ದೇನೆ.

ಹೊರಡುವಾಗ ಮಂಚಮ್ಮ ನೇರವಾಗಿ ಬಾಗಿಲಿಗೆ ಹೋಗಲಿಲ್ಲ. ಒಳಗೋಡೆಯವರೆಗೆ ನಡೆದು, ಗೋಡೆ ಹಿಡಿದುಕೊಂಡು ಸುತ್ತ ಬಂದರು. ಮೂಲೆಗಳಲ್ಲಿ ನಿಂತು ಹೆಬ್ಬೆರಳಿನಿಂದ ನೆಲವನ್ನು ಒತ್ತಿ ನೋಡಿದರು. ಸುತ್ತು ಮುಗಿಸಿ ನನ್ನ ಮುಂದೆ ಬಂದು ನಿಂತು, "ನೋಡ್ಕೊಂಡ್ರಾ ಸಾರ್?" ಎಂದರು. ಗೆರೆಯ ಮಾತೆಂದುಕೊಂಡು, ನೋಡಿಕೊಂಡೆ, ಖಂಡಿತ ಬರೆಯುತ್ತೇನೆ ಎಂದೆ.

ಆ ವಾರವೇ ಬರೆದೆ. ನನ್ನ ತಪ್ಪನ್ನು ಒಪ್ಪಿಕೊಂಡೆ, ಪುಸ್ತಕದ ಮುಖಪುಟ ಬದಲಾಯಿಸಿದೆ. ಗೆರೆ, ಕೂಸು, ಹಾಲು, ಬಸಮ್ಮನವರು ಕಿತ್ತುಕೊಂಡ ಕರಣೆ, ಎಲ್ಲವನ್ನೂ ಮನಸ್ಸಿಟ್ಟು ಬರೆದೆ. ಒಂದು ಕೂಸು ಹಾಲು ಕುಡಿಯಲು ಹಿಡಿದ ಹೊತ್ತು ಐವತ್ತು ವರ್ಷದಿಂದ ನೆಲದ ಮೇಲೆ ಉಳಿದಿದೆ ಎಂದು ಮುಗಿಸಿದೆ. ಮೊದಲನೆಯದಕ್ಕಿಂತ ಹೆಚ್ಚು ಜನ ಓದಿ ಅತ್ತರು. ಫೋನಿನ ಮೇಲೆ ಫೋನು. ನನ್ನ ತಪ್ಪೂ ನನಗೆ ಹೆಸರು ತಂದುಕೊಟ್ಟಿತು, ನಾನು ಮತ್ತೆ ಬೀಗಿದೆ.

ಭಾನುವಾರ ಸಂಜೆಗೆ ಸಂಘಮಿತ್ರ ಫೋನ್ ಮಾಡಿದಳು. ಅಜ್ಜಿಗೆ ಪೂರ್ತಿ ಓದಿ ಹೇಳಿದೆ ಎಂದಳು. ಏನಂದರು ಎಂದು ಆತುರದಿಂದ ಕೇಳಿದೆ.

"ಒಂದೇ ಮಾತು ಕೇಳಿದ್ರು ಸರ್. ಮಿಕ್ಕಿದ್ದು ಎಂಗದೆ ಅಂತ ಬರ್ದವ್ರಾ ಅಂದ್ರು."

ಪತ್ರಿಕೆ ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ಬರೆದಿರಲಿಲ್ಲ. ತಪ್ಪಿನ ಬಗ್ಗೆ ಒಂದು ಪುಟ ಬರೆದಿದ್ದೆ, ನೆಲದ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾ ಕೆಲ್ಸ ಬಲ್ಲೆ ಎಂದು ಅವರು ಮೊದಲ ದಿನವೇ ಹೇಳಿದ್ದರು. ಮೂಲೆ ಮೂಲೆ ಸುತ್ತಿ ಬಂದು ನನ್ನ ಮುಂದೆ ನಿಂತು ಕೇಳಿದ್ದೂ ಅದನ್ನೇ.

ಮರುದಿನ ಟೇಪು, ಟಾರ್ಚು ತೆಗೆದುಕೊಂಡು ಒಂಟಿಕೊಪ್ಪಲಿಗೆ ಹೋದೆ. ಸದಾಶಿವಯ್ಯನವರು ಒಂದು ಹಲಗೆ ಕೊಟ್ಟರು. ಅದರ ಮೇಲೆ ಮಂಡಿಯೂರಿ, ಒಳಗೋಡೆಯಿಂದ ಶುರುಮಾಡಿ, ಹಿಂದೆ ಹಿಂದೆ ಸರಿಯುತ್ತಾ ಅಂಗೈ ಅಗಲ ಅಂಗೈ ಅಗಲ ನೋಡುತ್ತಾ ಬಂದೆ. ಇಪ್ಪತ್ತು ವರ್ಷ ತಪ್ಪು ಹುಡುಕಿದ ಕಣ್ಣಿನಿಂದಲೇ ಹುಡುಕಿದೆ. ಬಾಗಿಲು ಮುಟ್ಟುವಾಗ ಬಿಸಿಲು ಇಳಿದಿತ್ತು, ಮಂಡಿ ಎರಡು ದಿನ ನೋಯಿತು.

ಹಾಲ್ ಇಪ್ಪತ್ತೆರಡು ಅಡಿ ಉದ್ದ, ಹದಿನಾಲ್ಕು ಅಡಿ ಅಗಲ. ಗೆರೆಯೊಂದನ್ನು ಬಿಟ್ಟರೆ ಇಡೀ ನೆಲದಲ್ಲಿ ಒಂದು ಬಿರುಕಿಲ್ಲ, ಕರಣೆಯ ಗುರುತಿಲ್ಲ, ಬೆರಳಿನ ಗುರುತಿಲ್ಲ. ನಾಲ್ಕು ಮೂಲೆಯೂ ಮಟ್ಟವಾಗಿವೆ. ಹೊಸ್ತಿಲ ಬಳಿ ಹೊರಗಿನಿಂದ ಕೈ ಚಾಚಿ ಮುಗಿಸಿದ ಕೊನೆಯ ಮೊಳ ಎಲ್ಲಿ ಶುರುವಾಗುತ್ತದೆ ಎಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಇದು ಮಂಚಮ್ಮನವರ ಕೆಲಸ.